ಬೇನೆ ಮರೆಸಿದ ಹಾಡು, ಹರಟೆ ಮತ್ತು ಕೈಹಿಡಿದವರು

ಹೆರಿಗೆಯ ನೋವಿಗೆ ನಮ್ಮ ಕಡೆ ‘ಬೇನೆ ತಿನ್ನುವುದು’ ಎಂಬ ಮಾತಿದೆ. ಬಡಿಸಿದ್ದನ್ನು ಉಂಡೇ ಏಳಬೇಕು ಎನ್ನುವ ಹಾಗೆ, ಆ ನೋವನ್ನೂ ತಿಂದೇ ಮುಗಿಸಬೇಕು, ಬೇರೆ ದಾರಿಯಿಲ್ಲ ಎಂಬ ಅರ್ಥ ಅದರಲ್ಲಿದೆ. ಚೊಚ್ಚಲು ಬಸುರಿಯಾದರೆ ಈ ಊಟ ಹತ್ತು, ಹನ್ನೆರಡು ತಾಸು, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ನಡೆಯುತ್ತದೆ. ಅಷ್ಟು ಹೊತ್ತನ್ನು ಕಳೆಯುವುದು ಹೇಗೆ?

ಈಗ ನಮ್ಮ ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ಬಗೆಬಗೆಯ ಉತ್ತರಗಳಿವೆ. ಬಸುರಿ ತನಗೆ ಇಷ್ಟವಾದ ಹಾಡುಗಳನ್ನು ಮೊದಲೇ ಮೊಬೈಲಿನಲ್ಲಿ ತುಂಬಿಕೊಂಡು ಹೋಗುತ್ತಾಳೆ. ಕೆಲವು ಕಡೆ ಕೋಣೆಯಲ್ಲೇ ಟಿ.ವಿ. ಇರುತ್ತದೆ. ಹೊರದೇಶಗಳಲ್ಲಿ ಕಣ್ಣಿಗೆ ಕನ್ನಡಕದಂಥ ಯಂತ್ರ ತೊಡಿಸಿ ಸಮುದ್ರ, ಕಾಡು ತೋರಿಸುವ ಪ್ರಯೋಗಗಳೂ ನಡೆದಿವೆ. ಇದನ್ನೆಲ್ಲ ಕೇಳಿದ ಹಿರಿಯರು, “ಇವಳು ಹೆರೋಕೆ ಹೋಗಿದ್ದಾಳೋ, ಸಿನಿಮಾ ನೋಡೋಕೆ ಹೋಗಿದ್ದಾಳೋ?” ಎಂದು ಮೂಗು ಮುರಿಯುವುದೂ ಉಂಟು.

ಆದರೆ ಹೆರಿಗೆಯ ಕೋಣೆಗೆ ಹಾಡು, ಕಥೆ, ಹಾಸ್ಯ ಬಂದದ್ದು ಮೊಬೈಲಿನ ಜೊತೆಗಲ್ಲ. ಅವು ಅಲ್ಲಿ ಸಾವಿರಾರು ವರ್ಷಗಳಿಂದ ಇದ್ದವು. ನಡುವೆ ಸುಮಾರು ನೂರು ವರ್ಷ ಅವನ್ನು ಹೊರಗೆ ಹಾಕಲಾಯಿತು, ಈಗ ಮತ್ತೆ ಒಂದೊಂದಾಗಿ ಒಳಗೆ ಬರುತ್ತಿವೆ. ಈ ಹೋಗಿ ಬರುವ ಕಥೆಯನ್ನು ನೋಡಿದರೆ, ನೋವನ್ನು ನಿಜವಾಗಿ ಹಗುರ ಮಾಡಿದ್ದು ಯಾವುದು ಎಂಬುದೂ ತಿಳಿಯುತ್ತದೆ.

ನರ್ತಕಿಯರ ವೇಷದ ದೇವತೆಯರು

ಬರ್ಲಿನ್ ನಗರದ ಮ್ಯೂಸಿಯಮ್ಮಿನಲ್ಲಿ ವೆಸ್ಟ್‌ಕಾರ್ ಪಪೈರಸ್ ಎಂಬ ಈಜಿಪ್ಟಿನ ಹಳೆಯ ಸುರುಳಿಯೊಂದಿದೆ. ಅದನ್ನು ಬರೆದು ಸುಮಾರು 3,600 ವರ್ಷವಾಗಿರಬಹುದು. ಅದರಲ್ಲಿರುವ ಕಥೆಗಳಲ್ಲಿ ಒಂದು ಹೆರಿಗೆಯ ಕಥೆ. ರುದ್‌ಜೆದೆತ್ ಎಂಬ ಹೆಂಗಸಿಗೆ ಹೊಟ್ಟೆಯಲ್ಲಿ ಮೂರು ಮಕ್ಕಳು, ಹೆರಿಗೆ ಬಹಳ ಕಷ್ಟವಾಗಿದೆ. ಸೂರ್ಯದೇವ ರೇ ಅವಳ ನೆರವಿಗೆ ಐಸಿಸ್, ನೆಫ್ತಿಸ್, ಮೆಸ್ಖೆನೆತ್, ಹೆಕೆತ್ ಎಂಬ ನಾಲ್ವರು ದೇವತೆಯರನ್ನು ಕಳಿಸುತ್ತಾನೆ. ಅವರು ಬರುವುದು ವೈದ್ಯರ ವೇಷದಲ್ಲಲ್ಲ. ಊರೂರು ತಿರುಗುವ ಹಾಡು ಕುಣಿತದ ಮೇಳದವರಾಗಿ ಬರುತ್ತಾರೆ. ಖ್ನೂಮ್ ಎಂಬ ದೇವರು ಅವರ ಗಂಟುಮೂಟೆ ಹೊರುವವನಾಗಿ ಹಿಂದೆ ಬರುತ್ತಾನೆ.

ಗಂಡ ರವೋಸೆರ್ ಗಾಬರಿಯಲ್ಲಿ ಉಟ್ಟ ಬಟ್ಟೆಯನ್ನೂ ತಲೆಕೆಳಗಾಗಿ ಉಟ್ಟುಕೊಂಡು ಬಾಗಿಲಲ್ಲಿ ನಿಂತಿರುತ್ತಾನೆ. ಮೇಳದವರು ಕೈಯಲ್ಲಿನ ಗಿಲಕಿ ವಾದ್ಯಗಳನ್ನು ತೋರಿಸಿ, ಹೆರಿಗೆ ಮಾಡಿಸುವುದು ನಮಗೆ ಗೊತ್ತು ಎನ್ನುತ್ತಾರೆ. ಅವನು ತಕ್ಷಣ ಒಳಗೆ ಬಿಡುತ್ತಾನೆ. ಅವರು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಒಂದೊಂದು ಮಗು ಬರುವಾಗಲೂ ಐಸಿಸ್ ಹುಟ್ಟಲಿರುವ ಕೂಸಿನ ಹೆಸರನ್ನೇ ಹಿಡಿದು ಶ್ಲೇಷೆಯ ಮಾತಾಡುತ್ತಾಳೆ. ಬಲಶಾಲಿ ಎಂಬ ಅರ್ಥದ ಹೆಸರಿನವನಿಗೆ ತಾಯಿಯ ಹೊಟ್ಟೆಯಲ್ಲಿ ನಿನ್ನ ಬಲ ತೋರಿಸಬೇಡ ಎಂದು ಗದರುತ್ತಾಳೆ. ಕೆಲಸ ಮುಗಿದ ಮೇಲೆ ಮೇಳದವರಿಗೆ ಸಿಗುವ ಸಂಭಾವನೆ ಒಂದು ಚೀಲ ಬಾರ್ಲಿ.

ಇದು ಕಥೆಯೇ ಹೊರತು ವರದಿಯಲ್ಲ. ಆದರೂ ಹಾಡು ಕುಣಿತದ ಹೆಂಗಸರು ಹೆರಿಗೆಮನೆಗೆ ಬಂದರೆ ಕೇಳುವವರಿಗೆ ಆಶ್ಚರ್ಯವಾಗುತ್ತಿರಲಿಲ್ಲ ಎಂಬುದನ್ನು ಇದು ಹೇಳುತ್ತದೆ. ಈಜಿಪ್ಟಿನವರು ಬಸುರಿ ಬಾಣಂತಿಯರ ರಕ್ಷಕನೆಂದು ನಂಬಿದ್ದ ಬೆಸ್ ಎಂಬ ಕುಳ್ಳ ದೇವರನ್ನೂ ತಮಟೆ ಬಾರಿಸುತ್ತ ಕುಣಿಯುವವನಾಗಿಯೇ ಚಿತ್ರಿಸುತ್ತಿದ್ದರು.

ಚರಕ ಹೇಳಿದ ಗೆಳತಿಯರು

ನಮ್ಮ ದೇಶಕ್ಕೆ ಬಂದರೆ, ಚರಕ ಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಸೂತಿಕಾಗೃಹದ ವಿವರ ಇದೆ. ಕೋಣೆ ಎಲ್ಲಿರಬೇಕು, ಏನೇನು ಸಾಮಾನು ಸಿದ್ಧವಿರಬೇಕು ಎಂಬ ಪಟ್ಟಿಯ ಜೊತೆಗೆ, ಅಲ್ಲಿ ಎಂಥ ಹೆಂಗಸರು ಇರಬೇಕು ಎಂಬುದನ್ನೂ ಬಿಡಿಸಿ ಹೇಳಿದೆ. ಅವರು ಹಲವು ಸಲ ಹೆತ್ತವರಾಗಿರಬೇಕು, ಬಸುರಿಯ ಮೇಲೆ ಅಕ್ಕರೆಯುಳ್ಳವರಾಗಿರಬೇಕು, ದುಃಖದ ಮುಖ ಮಾಡದವರು, ಕಷ್ಟ ಸಹಿಸಬಲ್ಲವರು ಆಗಿರಬೇಕು. ಬೇನೆ ಶುರುವಾದಾಗ ಅವಳ ಸುತ್ತ ಕುಳಿತು ಹಿತವಾದ ಮಾತುಗಳಿಂದ ಸಮಾಧಾನ ಮಾಡಬೇಕು. ಬೇನೆ ಬಾರದಿದ್ದಾಗ ಸುಮ್ಮನೆ ತಿಣುಕಬೇಡ ಎಂದು ತಿಳಿಹೇಳುವುದೂ ಅವರ ಕೆಲಸ.

ಅದರಲ್ಲಿ ಒಂದು ಸೂಚನೆ ವಿಚಿತ್ರವಾಗಿದೆ. ಬಸುರಿ ತಿಣುಕುತ್ತಿರುವಾಗಲೇ ಸುತ್ತಲಿನ ಹೆಂಗಸರು, ಹೆತ್ತಳು, ಹೆತ್ತಳು, ಒಳ್ಳೆಯ ಮಗನನ್ನು ಹೆತ್ತಳು ಎಂಬರ್ಥದಲ್ಲಿ ಕೂಗಬೇಕಂತೆ. ಮಗು ಇನ್ನೂ ಬಂದಿರುವುದಿಲ್ಲ. ಆದರೂ ಆ ಮಾತು ಕಿವಿಗೆ ಬಿದ್ದ ಸಂತೋಷದಿಂದ ಅವಳ ಪ್ರಾಣಕ್ಕೆ ಚೈತನ್ಯ ಬರುತ್ತದೆ ಎಂದು ಗ್ರಂಥವೇ ಕಾರಣ ಕೊಡುತ್ತದೆ. ಆ ಕೂಗಿನಲ್ಲಿ ಮಗಳಿಗೆ ಜಾಗ ಇಲ್ಲ ಎಂಬುದನ್ನು ನಾವು ಗಮನಿಸದೇ ಇರಲಾರೆವು. ಅದನ್ನು ಅಲ್ಲಿಗೇ ಗುರುತು ಹಾಕಿಕೊಂಡು, ಮಾತಿನ ಒಳಗಿನ ತಿಳಿವಳಿಕೆಯನ್ನಷ್ಟು ತೆಗೆದುಕೊಳ್ಳೋಣ. ಮನಸ್ಸಿಗೆ ಆದದ್ದು ಮೈಗೂ ಆಗುತ್ತದೆ ಎಂಬುದನ್ನು ಆ ವೈದ್ಯರು ಬಲ್ಲವರಾಗಿದ್ದರು. ಹೆರಿಗೆಯ ನಂತರದ ದಿನಗಳಲ್ಲಿ ಆ ಮನೆ ಹಾಡು, ವಾದ್ಯ, ಊಟ, ನಗುಮುಖದ ಜನರಿಂದ ತುಂಬಿರಬೇಕು ಎಂದೂ ಅದೇ ಅಧ್ಯಾಯ ಹೇಳುತ್ತದೆ.

ನಮ್ಮ ಸೂಲಗಿತ್ತಿಯರು

ಕನ್ನಡದಲ್ಲಿ ಸೂಲು ಎಂದರೆ ಹೆರಿಗೆ. ಅದನ್ನು ಬಲ್ಲವಳು ಸೂಲಗಿತ್ತಿ. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಹಾಡು ಹೆರಿಗೆಯ ಎರಡೂ ದಡಗಳಲ್ಲಿತ್ತು. ಈಚೆ ದಡದಲ್ಲಿ ಬಯಕೆಯ ಹಾಡು, ಸೀಮಂತದ ಹಾಡು, ಉತ್ತರ ಕರ್ನಾಟಕದ ಕುಬಸದ ಹಾಡು. ಆಚೆ ದಡದಲ್ಲಿ ತೊಟ್ಟಿಲ ಹಾಡು, ಜೋಗುಳ. ನಡುವಿನ ಹೊಳೆ ದಾಟುವಾಗ ಹಾಡಿಗಿಂತ ಮಾತಿನ ಆಸರೆ ಹೆಚ್ಚು. “ಇನ್ನೇನು ಬಂತು ಮಗಳೇ, ಇನ್ನೊಂದೇ ಸಲ” ಎಂಬ ಸುಳ್ಳು ಭರವಸೆ, ಬೆನ್ನಿಗೆ ಎಣ್ಣೆ ಹಚ್ಚುತ್ತ ಹೇಳುವ ಊರ ಸುದ್ದಿ, ಗಂಡನ ಕಡೆಯವರ ಮೇಲೆ ಒಂದೆರಡು ಕೊಂಕು ಮಾತು, ಇವೆಲ್ಲ ಅಲ್ಲಿದ್ದವು. 1931ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಸಂಕಲನ ತಂದಾಗ ಓದುಬರಹದ ಲೋಕಕ್ಕೆ ಗೊತ್ತಾದದ್ದೂ ಇದೇ. ಬೀಸುವಾಗ, ಕುಟ್ಟುವಾಗ ತೋಳಿನ ನೋವು ಮರೆಯಲು ಹೆಂಗಸರು ಕಟ್ಟಿಕೊಂಡ ತ್ರಿಪದಿಗಳು ನಮ್ಮ ಸಾಹಿತ್ಯದ ಒಡವೆಗಳಾಗಿದ್ದವು. ದುಡಿಮೆಯ ನೋವನ್ನು ಹಾಡಿನಿಂದ ಹಗುರ ಮಾಡಿಕೊಳ್ಳುವ ವಿದ್ಯೆ ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು, 98ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ಮುಂದೆ ಸೇರಿಕೊಂಡ ‘ಸೂಲಗಿತ್ತಿ’ ಎಂಬ ಪದ ಕೊನೆಗೆ ಯಾವ ಬಿರುದಿಗೂ ಕಡಿಮೆಯಿಲ್ಲದ ಬಿರುದಾಯಿತು.

ಹಾಗೆಂದು ಹಳೆಯದನ್ನೆಲ್ಲ ಹೊಗಳುವಂತಿಲ್ಲ. ಮಗು ಅಡ್ಡ ಬಂದಾಗ, ರಕ್ತಸ್ರಾವ ನಿಲ್ಲದಾಗ ಹಾಡೂ ಉಳಿಸಲಿಲ್ಲ, ಹರಟೆಯೂ ಉಳಿಸಲಿಲ್ಲ. ನಮ್ಮ ಮನೆತನಗಳಲ್ಲಿ ಎರಡು ಮೂರು ತಲೆಮಾರು ಹಿಂದೆ ಹೋದರೆ ಹೆರಿಗೆಯಲ್ಲೇ ಹೋದ ಒಬ್ಬ ಅತ್ತೆಯೋ ಚಿಕ್ಕಮ್ಮನೋ ಸಿಗುತ್ತಾರೆ. ಈ ಮಾತನ್ನು ಮರೆಯದೆ ಮುಂದೆ ಹೋಗೋಣ.

‘ಗಾಸಿಪ್’ ಎಂಬ ಪದ ಹುಟ್ಟಿದ ಕೋಣೆ

ನಾವು ದಿನವೂ ಬಳಸುವ ಇಂಗ್ಲಿಷಿನ ‘ಗಾಸಿಪ್’ ಪದಕ್ಕೂ ಹೆರಿಗೆಮನೆಗೂ ನಂಟಿದೆ. ಮೂಲದಲ್ಲಿ ಅದು ‘ಗಾಡ್‌ಸಿಬ್’. ಮಗುವಿನ ದೀಕ್ಷಾಸ್ನಾನದಲ್ಲಿ ಧರ್ಮಪಿತೃಗಳಾಗಿ ನಿಲ್ಲುವ ಆಪ್ತರಿಗೆ ಆ ಹೆಸರಿತ್ತು. ಮುಂದೆ ಇಂಗ್ಲೆಂಡಿನಲ್ಲಿ ಹೆರಿಗೆಯ ಹೊತ್ತಿಗೆ ಕರೆಸಿಕೊಳ್ಳುವ ನೆರೆಹೊರೆಯ ಹೆಂಗಸರಿಗೆ ‘ಗಾಸಿಪ್’ ಎನ್ನತೊಡಗಿದರು. ಬೇನೆ ಶುರುವಾದೊಡನೆ ಗಂಡ ಮನೆಮನೆಗೆ ಓಡಿ ಇವರನ್ನು ಕರೆತರಬೇಕಾಗಿತ್ತು. ಅವರು ಕಿಟಕಿ ಮುಚ್ಚಿ, ಬೆಂಕಿ ಹೊತ್ತಿಸಿ, ಮಸಾಲೆ ಬೆರೆಸಿದ ಬಿಸಿ ಪಾನೀಯ ಕಾಸಿ, ಬಸುರಿಗೂ ಕೊಟ್ಟು ತಾವೂ ಕುಡಿದು, ರಾತ್ರಿಯಿಡೀ ಮಾತಾಡುತ್ತಿದ್ದರು. ಗಂಡಸರಿಗೆ ಪ್ರವೇಶವಿಲ್ಲದ ಆ ಕೋಣೆಯ ಮಾತು ಏನಿರಬಹುದು ಎಂಬ ಕುತೂಹಲವೂ ಅಸೂಯೆಯೂ ಸೇರಿ, ಆ ಪದಕ್ಕೆ ಈಗಿನ ‘ಕಾಡುಹರಟೆ’ ಎಂಬ ಅರ್ಥ ಅಂಟಿಕೊಂಡಿತು. ಪ್ಯಾರಿಸಿನಲ್ಲಿ 1622ರಲ್ಲಿ ಬಾಣಂತಿಯ ಕೋಣೆಯ ಹರಟೆಯನ್ನೇ ಗೇಲಿ ಮಾಡುವ ಪುಸ್ತಿಕೆಗಳು ಬಂದವು. ಅವುಗಳಲ್ಲಿ ಒಬ್ಬ ಗಂಡಸು ಪರದೆಯ ಮರೆಯಲ್ಲಿ ಅಡಗಿ ಕುಳಿತು ಹೆಂಗಸರ ಮಾತು ಕದ್ದು ಕೇಳುತ್ತಾನೆ.

ಯುರೋಪಿನ ಅದೇ ಕೋಣೆಗಳಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಬೇನೆ ತಿನ್ನುವವಳಿಗೆ ಸಂತ ಮಾರ್ಗರೆಟ್‌ಳ ಕಥೆ ಓದಿ ಹೇಳುತ್ತಿದ್ದರು. ಅವಳನ್ನು ಘಟಸರ್ಪ ನುಂಗುತ್ತದೆ, ಅವಳು ಅದರ ಹೊಟ್ಟೆ ಸೀಳಿಕೊಂಡು ಸುರಕ್ಷಿತವಾಗಿ ಹೊರಗೆ ಬರುತ್ತಾಳೆ. ಹೊಟ್ಟೆಯಿಂದ ಕ್ಷೇಮವಾಗಿ ಹೊರಬರುವ ಕಥೆ ಆ ಹೊತ್ತಿಗೆ ಎಷ್ಟು ತಕ್ಕದ್ದು ಎಂಬುದನ್ನು ವಿವರಿಸಬೇಕಿಲ್ಲ.

ಮುಟ್ಟದೆ ಹಾಡಿದವನು

ಕಥೆಯನ್ನೇ ಮದ್ದಾಗಿ ಬಳಸಿದ ಇನ್ನೊಂದು ಪ್ರಸಿದ್ಧ ಉದಾಹರಣೆ ಪನಾಮಾ ದೇಶದ ಗುನಾ ಎಂಬ ಆದಿವಾಸಿಗಳದ್ದು. ಹೆರಿಗೆ ಕಷ್ಟವಾದಾಗ ಸೂಲಗಿತ್ತಿ ಅವರ ಮಂತ್ರವಾದಿಯನ್ನು ಕರೆಸುತ್ತಾಳೆ. ಅವನು ಬಸುರಿಯನ್ನು ಮುಟ್ಟುವುದಿಲ್ಲ, ಮದ್ದು ಕೊಡುವುದಿಲ್ಲ. ‘ಮು ಇಗಲ’ ಎಂಬ ಬಹು ಉದ್ದದ ಹಾಡನ್ನು ಹಾಡುತ್ತಾನೆ. ಮಗುವಿಗೆ ರೂಪ ಕೊಡುವ ಮು ಎಂಬ ಶಕ್ತಿ ತನ್ನ ಮಿತಿ ಮೀರಿ ತಾಯಿಯ ಆತ್ಮವನ್ನು ಹಿಡಿದಿಟ್ಟುಕೊಂಡಿದೆ. ಅದನ್ನು ಬಿಡಿಸಿಕೊಂಡು ಬರಲು ಸಹಾಯಕ ಆತ್ಮಗಳ ದಂಡು ಹೊರಡುತ್ತದೆ, ಇಕ್ಕಟ್ಟಾದ ದಾರಿಯಲ್ಲಿ ಕಾದಾಡುತ್ತ ಮುಂದುವರಿದು ಗೆದ್ದು ಬರುತ್ತದೆ. 1947ರಲ್ಲಿ ಈ ಹಾಡು ಅಚ್ಚಾಯಿತು. 1949ರಲ್ಲಿ ಫ್ರಾನ್ಸಿನ ಮಾನವಶಾಸ್ತ್ರಜ್ಞ ಕ್ಲಾಡ್ ಲೆವಿ-ಸ್ಟ್ರಾಸ್ ಇದರ ಮೇಲೆ ಪ್ರಸಿದ್ಧ ಪ್ರಬಂಧ ಬರೆದರು. ಅರ್ಥವಿಲ್ಲದ ನೋವಿಗೆ ಹಾಡು ಒಂದು ಕಥೆಯ ಅರ್ಥ ಕೊಡುತ್ತದೆ, ಅರ್ಥ ಸಿಕ್ಕಿದ ನೋವನ್ನು ಮೈ ತಡೆದುಕೊಳ್ಳುತ್ತದೆ ಎಂಬುದು ಅವರ ವಾದ.

ನಂತರ ಬಂದ ವಿದ್ವಾಂಸರು ಒಂದು ತಕರಾರು ತೆಗೆದರು. ಆ ಹಾಡಿನ ಭಾಷೆ ಮಂತ್ರವಾದಿಗಳದ್ದೇ ಆದ ವಿಶೇಷ ಭಾಷೆ, ಸಾಮಾನ್ಯ ಹೆಂಗಸಿಗೆ ಅದು ಪೂರ್ತಿ ಅರ್ಥವಾಗುವುದೇ ಇಲ್ಲ ಎಂದರು. ಹಾಗಾದರೆ ಕೆಲಸ ಮಾಡಿದ್ದು ಕಥೆಯ ಅರ್ಥವೇ, ಅಥವಾ ತನಗಾಗಿಯೇ ಒಬ್ಬರು ಎಡೆಬಿಡದೆ ಹಾಡುತ್ತ ಕುಳಿತಿದ್ದಾರೆ ಎಂಬ ಭರವಸೆಯೇ? ಈ ಪ್ರಶ್ನೆ ಮುಂದೆ ವಿಜ್ಞಾನದ ದಾರಿಯಲ್ಲೂ ನಮಗೆ ಎದುರಾಗುತ್ತದೆ.

ಕೋಣೆ ಖಾಲಿಯಾಯಿತು

1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಗೆ ಮೊದಲು ಈಥರ್, ಅದೇ ವರ್ಷದ ನವೆಂಬರಿನಲ್ಲಿ ಕ್ಲೋರೋಫಾರ್ಮ್ ಬಳಸಿದರು. 1853ರ ಏಪ್ರಿಲ್ 7ರಂದು ವಿಕ್ಟೋರಿಯಾ ರಾಣಿಯ ಎಂಟನೆಯ ಹೆರಿಗೆಯಲ್ಲಿ ಡಾ. ಜಾನ್ ಸ್ನೋ ಕರವಸ್ತ್ರದ ಮೇಲೆ ಕ್ಲೋರೋಫಾರ್ಮ್ ಹನಿಸಿ 53 ನಿಮಿಷ ಕೊಟ್ಟರು. ರಾಣಿಯೇ ಒಪ್ಪಿದ ಮೇಲೆ ದೇವರು ಕೊಟ್ಟ ನೋವನ್ನು ಕಳೆಯಬಾರದು ಎನ್ನುತ್ತಿದ್ದವರ ದನಿ ತಗ್ಗಿತು. ಹೆಂಗಸಿನ ನೋವು ಮದ್ದಿಗೆ ಯೋಗ್ಯವಾದ ನೋವು ಎಂಬುದನ್ನು ಜಗತ್ತು ಒಪ್ಪಿಕೊಂಡದ್ದು ದೊಡ್ಡ ವಿಷಯ.

ಆದರೆ ಮುಂದಿನ ಹೆಜ್ಜೆ ಬೇರೆಯಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ಕ್ರೋನಿಗ್ ಮತ್ತು ಗೌಸ್ ಎಂಬ ವೈದ್ಯರು ಮಾರ್ಫಿನ್ ಜೊತೆ ಸ್ಕೋಪೊಲಮೀನ್ ಕೊಡುವ ‘ಟ್ವೈಲೈಟ್ ಸ್ಲೀಪ್’ ಎಂಬ ಕ್ರಮ ಬೆಳೆಸಿದರು. ಇದರಲ್ಲಿ ನೋವು ಪೂರ್ತಿ ಹೋಗುತ್ತಿರಲಿಲ್ಲ, ನೋವಿನ ನೆನಪು ಅಳಿಸುತ್ತಿತ್ತು. ಹೆಂಗಸು ಕೂಗುತ್ತಿದ್ದಳು, ಆದರೆ ಎದ್ದ ಮೇಲೆ ಅವಳಿಗೆ ಏನೂ ನೆನಪಿರುತ್ತಿರಲಿಲ್ಲ. ಮದ್ದು ಕೆಲಸ ಮಾಡಲು ಕೋಣೆ ಕತ್ತಲಾಗಿರಬೇಕು, ಕಣ್ಣಿಗೆ ಬಟ್ಟೆ, ಕಿವಿಗೆ ಎಣ್ಣೆಯ ಹತ್ತಿ. ಚರಕನ ಸೂತಿಕಾಗೃಹಕ್ಕೂ ಗಾಸಿಪ್‌ಗಳ ಕೋಣೆಗೂ ಇದು ತದ್ವಿರುದ್ಧ. ಅಲ್ಲಿ ಮನಸ್ಸಿಗೆ ಏನಾದರೂ ಕೊಡುತ್ತಿದ್ದರು, ಇಲ್ಲಿ ಎಲ್ಲವನ್ನೂ ಕಿತ್ತುಕೊಂಡರು.

ಇದನ್ನು ಹೆಂಗಸರ ಮೇಲೆ ಹೇರಿದರು ಎಂದಷ್ಟೇ ಹೇಳಿದರೆ ಅರ್ಧ ಸತ್ಯ. 1914ರಲ್ಲಿ ಅಮೆರಿಕದ ಹೆಂಗಸರೇ ಸಂಘ ಕಟ್ಟಿ, ಇದು ನಮ್ಮ ಹಕ್ಕು ಎಂದು ಹೋರಾಡಿದರು. ಚಳವಳಿಯ ಮುಂದಾಳುಗಳಲ್ಲಿ ಒಬ್ಬರಾದ ಫ್ರಾನ್ಸಿಸ್ ಕಾರ್ಮೋಡಿ 1915ರಲ್ಲಿ ಹೆರಿಗೆಯ ರಕ್ತಸ್ರಾವದಿಂದ ತೀರಿಕೊಂಡ ಮೇಲೆ ಚಳವಳಿ ತಣ್ಣಗಾಯಿತು, ಮದ್ದು ಮಾತ್ರ ಉಳಿಯಿತು. 1950ರ ದಶಕದಲ್ಲೂ ಅಮೆರಿಕದ ಆಸ್ಪತ್ರೆಗಳಲ್ಲಿ ಮದ್ದಿನ ಮಂಪರಿನಲ್ಲಿ ಹೊರಳಾಡುವ ಹೆಂಗಸರ ಕೈಕಾಲನ್ನು ಮಂಚಕ್ಕೆ ಕಟ್ಟುತ್ತಿದ್ದರು. 1958ರಲ್ಲಿ ಒಂದು ಮಹಿಳಾ ಪತ್ರಿಕೆ ಓದುಗರ ಇಂಥ ಅನುಭವಗಳನ್ನು ಪ್ರಕಟಿಸಿದಾಗ ದೇಶವೇ ಬೆಚ್ಚಿತು. ಪಕ್ಕದಲ್ಲಿ ಅಮ್ಮನೋ ಅಕ್ಕನೋ ಇದ್ದಿದ್ದರೆ ಹಾಗೆ ಕಟ್ಟಲು ಬಿಡುತ್ತಿದ್ದರೇ?

ಮನಸ್ಸಿಗೊಂದು ಕೆಲಸ

ಇದಕ್ಕೆ ಪ್ರತಿಯಾಗಿ ಬಂದ ದಾರಿಗಳಲ್ಲಿ ಎರಡು ಮುಖ್ಯ. ಇಂಗ್ಲೆಂಡಿನ ಗ್ರಾಂಟ್ಲಿ ಡಿಕ್-ರೀಡ್ 1933ರಲ್ಲಿ ಸಹಜ ಹೆರಿಗೆಯ ಬಗ್ಗೆ ಪುಸ್ತಕ ಬರೆದು, ಭಯದಿಂದ ಮೈ ಬಿಗಿಯುತ್ತದೆ, ಬಿಗಿದ ಮೈಗೆ ನೋವು ಹೆಚ್ಚು ಎಂದರು. ಸೋವಿಯತ್ ಒಕ್ಕೂಟದಲ್ಲಿ ವೆಲ್ವೋವ್ಸ್ಕಿ ಮತ್ತು ಸಂಗಡಿಗರು ಪಾವ್ಲೋವ್ ಸಿದ್ಧಾಂತದ ಆಧಾರದಲ್ಲಿ, ಮಿದುಳನ್ನು ಬೇರೆ ಕೆಲಸದಲ್ಲಿ ತೊಡಗಿಸಿದರೆ ನೋವಿನ ಸಂದೇಶ ಹಿಂದೆ ಸರಿಯುತ್ತದೆ ಎಂದು ತರಬೇತಿ ರೂಪಿಸಿದರು. ಅಲ್ಲಿ ಮದ್ದಿನ ಕೊರತೆಯೂ ಇತ್ತು ಎಂಬುದನ್ನು ಮರೆಯಬಾರದು. 1951ರಲ್ಲಿ ಅದನ್ನು ನೋಡಿ ಬಂದ ಫ್ರೆಂಚ್ ವೈದ್ಯ ಫರ್ನಾಂಡ್ ಲಮಾಜ್, 1952ರಿಂದ ಪ್ಯಾರಿಸಿನ ಬ್ಲುಯೆ ಹೆರಿಗೆ ಆಸ್ಪತ್ರೆಯಲ್ಲಿ ಅದನ್ನು ಜಾರಿಗೆ ತಂದರು. ಬೇನೆ ಏರುವಾಗ ನಾಯಿ ತೇಕುವ ಹಾಗೆ ಚಿಕ್ಕ ಚಿಕ್ಕ ಉಸಿರು, ಇಳಿಯುವಾಗ ಆಳವಾದ ಉಸಿರು, ಕಣ್ಣು ಒಂದು ಬಿಂದುವಿನ ಮೇಲೆ. 1959ರಲ್ಲಿ ಮಾರ್ಜೊರಿ ಕಾರ್ಮೆಲ್ ಎಂಬ ಅಮೆರಿಕದ ತಾಯಿ ಬರೆದ ಪುಸ್ತಕದ ಮೂಲಕ ಇದು ಲೋಕಪ್ರಸಿದ್ಧವಾಯಿತು. ಇಂದು ನಮ್ಮ ಮುಂಬೈ, ಪುಣೆಗಳ ಬಸುರಿಯರ ತರಗತಿಗಳಲ್ಲಿ ಕಲಿಸುವ ಉಸಿರಾಟದ ಬೇರು ಅಲ್ಲಿದೆ.

ಲಮಾಜ್ ದಾರಿಯಲ್ಲೂ ಒಂದು ಮುಳ್ಳಿತ್ತು. ಸದ್ದಿಲ್ಲದೆ ಹೆತ್ತವಳು ಉತ್ತಮ ದರ್ಜೆ, ಕೂಗಿದವಳು ನಪಾಸು ಎಂಬ ಲೆಕ್ಕ ಅಲ್ಲಿ ಹುಟ್ಟಿಕೊಂಡಿತು. ನೋವು ಬಂದರೆ ತಪ್ಪು ನಿನ್ನದೇ ಎಂದಂತಾಯಿತು.

1960ರ ಸುಮಾರಿಗೆ ಯಂತ್ರ ಬಂತು. ಅಮೆರಿಕದಲ್ಲಿ ದಂತವೈದ್ಯ ಗಾರ್ಡ್ನರ್ ಮತ್ತು ಧ್ವನಿವಿಜ್ಞಾನಿ ಲಿಕ್ಲೈಡರ್ ಹಲ್ಲಿನ ರೋಗಿಗಳಿಗೆ ಹೆಡ್‌ಫೋನ್ ಹಾಕಿ, ಸಂಗೀತ ಮತ್ತು ಜಲಪಾತದಂಥ ಮೊರೆತ ಕೇಳಿಸಿದರು. ನೋವು ಬಂದಾಗ ಮೊರೆತ ಹೆಚ್ಚಿಸಿಕೊಳ್ಳುವ ಗುಂಡಿ ರೋಗಿಯ ಕೈಯಲ್ಲೇ ಇತ್ತು. ಹಲವರಿಗೆ ಮದ್ದೇ ಬೇಡವಾಯಿತು ಎಂಬ ವರದಿ ನೋಡಿ ಇದನ್ನು ಹೆರಿಗೆಯ ಕೋಣೆಗೂ ಒಯ್ದರು. ಇದೇ ಲಿಕ್ಲೈಡರ್ ಮುಂದೆ ಅಂತರ್ಜಾಲದ ಕಲ್ಪನೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದರು. ಆದರೆ 1963ರಲ್ಲಿ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜಾಕ್ ಮತ್ತು ಸಂಗಡಿಗರು ಇದನ್ನು ಒರೆಗೆ ಹಚ್ಚಿದರು. ಬರೀ ಶಬ್ದ ಕೇಳಿಸಿದವರಿಗೆ ಹೆಚ್ಚಿನ ಲಾಭವಾಗಲಿಲ್ಲ. ಬರೀ ಭರವಸೆಯ ಮಾತು ಹೇಳಿದವರಿಗೂ ಆಗಲಿಲ್ಲ. ಶಬ್ದ ಮತ್ತು ಭರವಸೆ ಎರಡೂ ಸಿಕ್ಕವರು ಮಾತ್ರ ನೋವನ್ನು ಹೆಚ್ಚು ಹೊತ್ತು ತಡೆದರು. ಗುನಾ ಹಾಡಿನ ಪ್ರಶ್ನೆಗೆ ಇದೊಂದು ಅರ್ಧ ಉತ್ತರ.

ಎರಡು ವರ್ಷದ ನಂತರ, 1965ರಲ್ಲಿ, ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ‘ಗೇಟ್’ ಸಿದ್ಧಾಂತ ಮುಂದಿಟ್ಟರು. ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಒಂದು ಬಾಗಿಲಿದ್ದಂತೆ. ಚರ್ಮ ಉಜ್ಜಿದಾಗ ಕೆಳಗಿನಿಂದಲೂ, ಗಮನ, ಭಯ, ಧೈರ್ಯದ ಪ್ರಕಾರ ಮಿದುಳಿನಿಂದಲೂ ಆ ಬಾಗಿಲು ತುಸು ಮುಚ್ಚಬಹುದು, ತುಸು ತೆರೆಯಬಹುದು. ಅಜ್ಜಿ ಬೆನ್ನು ಉಜ್ಜುತ್ತ ಕಥೆ ಹೇಳಿದಾಗ ಆ ಬಾಗಿಲನ್ನು ಎರಡೂ ಕಡೆಯಿಂದ ತಳ್ಳುತ್ತಿದ್ದಳು ಎನ್ನಬಹುದು. ಆದರೆ ಇದೇ ಮೆಲ್ಜಾಕ್ 1984ರಲ್ಲಿ ನೋವಿಲ್ಲದ ಹೆರಿಗೆ ಒಂದು ಕಟ್ಟುಕಥೆ ಎಂದೂ ಬರೆದರು. ತರಬೇತಿಯಿಂದ ನೋವು ಕಡಿಮೆಯಾಗುತ್ತದೆ, ಆದರೆ ಬಹಳವೇನೂ ಅಲ್ಲ. ಎಪಿಡ್ಯೂರಲ್ ಬೇಕೆಂದವಳಿಗೆ ಅಪರಾಧಿ ಭಾವ ಇರಬಾರದು, ಎರಡೂ ಒಟ್ಟಿಗೆ ಸಾಗಬಹುದು ಎಂಬುದು ಅವರ ನಿಲುವಾಗಿತ್ತು.

ಈಚಿನ ವರ್ಚುವಲ್ ರಿಯಾಲಿಟಿಯ ಕಥೆಯೂ ಹೀಗೇ. ಸುಟ್ಟಗಾಯದ ರೋಗಿಗಳಿಗೆ ಹಿಮದ ಲೋಕ ತೋರಿಸಿ ನೋವು ಮರೆಸಿದ ಪ್ರಯೋಗದಿಂದ ಶುರುವಾಗಿ, ಹೆರಿಗೆಯ ಕೋಣೆಗೂ ಅದು ಬಂತು. ಲಾಸ್ ಏಂಜಲೀಸಿನ ಸೀಡರ್ಸ್-ಸೈನಾಯ್ ಆಸ್ಪತ್ರೆಯಲ್ಲಿ 40 ಚೊಚ್ಚಲು ಬಸುರಿಯರ ಮೇಲೆ ನಡೆದ ಅಧ್ಯಯನದಲ್ಲಿ, ಗರಿಷ್ಠ ಅರ್ಧ ಗಂಟೆ ಆ ಕನ್ನಡಕ ತೊಟ್ಟವರಿಗೂ ತೊಡದವರಿಗೂ ಹತ್ತರ ಅಳತೆಯಲ್ಲಿ ಸುಮಾರು ಒಂದು ಅಂಕದ ವ್ಯತ್ಯಾಸ ಕಂಡಿತು. ಲಾಭ ಇದೆ, ಪವಾಡವೇನಿಲ್ಲ.

ಪಕ್ಕದಲ್ಲಿ ಒಬ್ಬಳು

ಹಾಗಾದರೆ ಹೆಚ್ಚು ಫಲ ಕೊಟ್ಟದ್ದು ಯಾವುದು? ಗ್ವಾಟೆಮಾಲಾದ ಒಂದು ಜನಬಿಡದ ಆಸ್ಪತ್ರೆಯಲ್ಲಿ ನಡೆಸಿದ ಅಧ್ಯಯನ 1980ರಲ್ಲಿ ಪ್ರಕಟವಾಯಿತು. ಕೆಲವು ಬಸುರಿಯರ ಪಕ್ಕದಲ್ಲಿ ವೈದ್ಯಕೀಯ ತರಬೇತಿಯಿಲ್ಲದ ಒಬ್ಬ ಹೆಂಗಸನ್ನು ಕೂರಿಸಿದರು. ಅವಳು ಪರಿಚಿತಳೂ ಅಲ್ಲ. ಕೈ ಹಿಡಿಯುವುದು, ಬೆನ್ನು ಉಜ್ಜುವುದು, ಮಾತಾಡುತ್ತಿರುವುದು, ಇಷ್ಟೇ ಅವಳ ಕೆಲಸ. ತೊಡಕಿಲ್ಲದೆ ಹೆತ್ತವರಲ್ಲಿ, ಒಂಟಿಯಾಗಿದ್ದವರಿಗೆ ದಾಖಲಾದ ಮೇಲೆ ಸರಾಸರಿ 19.3 ತಾಸು ಹಿಡಿದರೆ ಜೊತೆಗಾತಿ ಇದ್ದವರಿಗೆ 8.8 ತಾಸು ಹಿಡಿಯಿತು. ಅಷ್ಟು ದೊಡ್ಡ ಅಂತರ ಆಮೇಲಿನ ಅಧ್ಯಯನಗಳಲ್ಲಿ ಕಾಣಲಿಲ್ಲ. ಆದರೆ 17 ದೇಶಗಳ 26 ಅಧ್ಯಯನ, 15,858 ಹೆಂಗಸರ ಮಾಹಿತಿಯನ್ನು ಒಟ್ಟುಗೂಡಿಸಿದ 2017ರ ಕಾಕ್ರೇನ್ ವಿಮರ್ಶೆಯೂ ಅದೇ ದಿಕ್ಕಿಗೆ ಬೆರಳು ತೋರಿಸಿತು. ಉದ್ದಕ್ಕೂ ಒಬ್ಬರು ಜೊತೆಗಿದ್ದರೆ ಹೆರಿಗೆಯ ಅವಧಿ ತುಸು ಕಡಿಮೆ, ಸಿಸೇರಿಯನ್ ಕಡಿಮೆ, ನೋವಿನ ಮದ್ದಿನ ಬಳಕೆ ಕಡಿಮೆ, ಕಹಿ ಅನುಭವ ಎಂದು ಹೇಳುವವರೂ ಕಡಿಮೆ.

ನಮ್ಮ ದೇಶದಲ್ಲಿ ಈ ಬದಲಾವಣೆ ಒಂದೇ ತಲೆಮಾರಿನಲ್ಲಿ ನಡೆದುಹೋಯಿತು. 1992-93ರಲ್ಲಿ ನೂರಕ್ಕೆ 26 ಹೆರಿಗೆಗಳು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರ ಹೊತ್ತಿಗೆ ಅದು 88.6ಕ್ಕೆ ಏರಿತು. ಎಷ್ಟೋ ತಾಯಂದಿರ ಜೀವ ಉಳಿಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಅಮ್ಮ, ಅತ್ತೆ, ಅಕ್ಕ ಹೊರಗುಳಿದರು. ಒಳಗೆ ಸಾಲು ಮಂಚ, ಅವಸರದ ನರ್ಸು, ಕೂಗಿದರೆ ಗದರಿಕೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿಗೆ ಒಬ್ಬ ಜೊತೆಗಾತಿಯನ್ನು ಬಿಡಬಹುದೆಂದು ಹೇಳಿತು. ಅವಳು ತಾನೂ ಹೆರಿಗೆಯ ಅನುಭವ ಉಳ್ಳವಳಾಗಿರಬೇಕು ಎಂಬ ಮಾತು ಅದರಲ್ಲಿತ್ತು. ಚರಕನ ಪಟ್ಟಿಯ ಮೊದಲ ಗುಣವೇ ಅದು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಪ್ರತಿಯೊಬ್ಬ ತಾಯಿಗೂ ಅವಳು ಬಯಸಿದ ಜೊತೆಗಾರರು ಇರಲಿ ಎಂದು ಶಿಫಾರಸು ಮಾಡಿತು.

ನಮ್ಮ ಪಾಲಿನ ಕೆಲಸ

ಗೆಳತಿಯರೇ, ಇದು ಹೊರನಾಡಿನ ನಮಗೆ ಬರೀ ಇತಿಹಾಸವಲ್ಲ. ಮೊದಲ ಹೆರಿಗೆಗೆ ತವರಿಗೆ ಹೋಗುವ ರೂಢಿ ಈಗ ಎಲ್ಲರಿಗೂ ನಡೆಯುವುದಿಲ್ಲ. ರಜೆ ಸಿಗುವುದಿಲ್ಲ, ಊರಿನ ಅಮ್ಮನಿಗೆ ಮಂಡಿನೋವು, ಅತ್ತೆ ಇಲ್ಲ. ಮುಂಬೈಯ ಚಾಳಿನಲ್ಲೋ ಹೈದರಾಬಾದಿನ ಫ್ಲ್ಯಾಟಿನಲ್ಲೋ ಗಂಡ ಹೆಂಡತಿ ಇಬ್ಬರೇ. ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿಯ ಹೆಣ್ಣುಮಕ್ಕಳಿಗಂತೂ ಆಸ್ಪತ್ರೆಯ ಭಾಷೆಯೇ ಗೊತ್ತಿರುವುದಿಲ್ಲ. ನಾಲ್ಕು ಭಾಷೆ ಬಲ್ಲವಳೂ ಬೇನೆ ಏರಿದಾಗ ‘ಅಯ್ಯೋ ಅವ್ವಾ’ ಎಂದು ಕೂಗುವುದು ಕನ್ನಡದಲ್ಲೇ. ಆ ಕೂಗಿಗೆ ಅದೇ ಭಾಷೆಯಲ್ಲಿ “ಇದ್ದೀನಿ ಕಣವ್ವ” ಎಂದು ಉತ್ತರ ಕೊಡುವವರು ಬೇಕು.

ನಮ್ಮ ಮಹಿಳಾ ವೇದಿಕೆಗಳು ಹಬ್ಬಕ್ಕೆ ರಂಗೋಲಿ ಸ್ಪರ್ಧೆ ಮಾಡುತ್ತವೆ, ಸೀಮಂತಕ್ಕೆ ಹಸಿರು ಬಳೆ ತೊಡಿಸಿ ಹಾಡುತ್ತವೆ. ಅದರ ಜೊತೆಗೆ ಇನ್ನೊಂದು ಕೆಲಸ ಸೇರಿಸಿಕೊಳ್ಳಬಹುದು. ಹೆತ್ತು ಬೆಳೆಸಿ ಈಗ ಬಿಡುವಾಗಿರುವ ನಮ್ಮ ಹಿರಿಯರಲ್ಲಿ, ಕರೆದರೆ ಬರಬಲ್ಲ ಐದಾರು ಮಂದಿಯ ಹೆಸರು, ಫೋನ್ ನಂಬರು ಒಂದು ವಹಿಯಲ್ಲಿರಲಿ. ಬಸುರಿಯ ಒಪ್ಪಿಗೆ ಮೊದಲು. ಹತ್ತಿರದ ಆಸ್ಪತ್ರೆಯಲ್ಲಿ ಜೊತೆಗಾತಿಯನ್ನು ಬಿಡುತ್ತಾರೆಯೇ ಎಂದು ಏಳನೆಯ ತಿಂಗಳಲ್ಲೇ ಕೇಳಿಟ್ಟುಕೊಳ್ಳೋಣ. ವೈದ್ಯರ ಕೆಲಸಕ್ಕೆ ಕೈ ಹಾಕುವುದು ಬೇಡ. ನೋವಿನ ಮದ್ದು ಬೇಕು ಎಂದವಳಿಗೆ ಮದ್ದು ಕೊಡಿಸಲು ಬಾಯಿ ಬಿಟ್ಟು ಕೇಳೋಣ, ಬೇಡ ಎಂದವಳ ಬೆನ್ನು ಉಜ್ಜೋಣ. ಕೂಗಬೇಕೆನಿಸಿದರೆ ಕೂಗಲಿ, ಅದಕ್ಕೆ ಯಾರೂ ಅಂಕ ಹಾಕುವುದು ಬೇಡ.

ಹಾಡು, ಹರಟೆ, ಮೊಬೈಲು, ಕನ್ನಡಕ ಏನೇ ಇರಲಿ, ಇತಿಹಾಸದ ಉದ್ದಕ್ಕೂ ಅವು ಕೆಲಸ ಮಾಡಿದ್ದು ಅವನ್ನು ಹಿಡಿದುಕೊಂಡು ಯಾರಾದರೂ ಪಕ್ಕದಲ್ಲಿ ಕುಳಿತಿದ್ದಾಗ. ಬೇನೆಯನ್ನು ಅವಳೇ ತಿನ್ನಬೇಕು, ನಿಜ. ಅವಳು ಒಬ್ಬಳೇ ಕುಳಿತು ತಿನ್ನಬೇಕಾಗಿಲ್ಲ.